ಮೇಖ್ರಿ ವೃತ್ತದ ಬಳಿ ಕೇಳಿದ ಹಾಡು

ಬೆಂಗಳೂರಿನಿಂದ ಬಳ್ಳಾರಿಯತ್ತ ಹೋಗುವ ರಸ್ತೆ ಅರಮನೆ ಮೈದಾನದ ಗೋಡೆಯ ಪಕ್ಕದಲ್ಲೇ ಸಾಗಿ ಮೇಖ್ರಿ ವೃತ್ತವನ್ನು ಮುಟ್ಟುತ್ತದೆ. ಹೆಬ್ಬಾಳ, ಯಲಹಂಕ, ಯಶವಂತಪುರ, ರವೀಂದ್ರನಾಥ ಟಾಗೂರ್ ನಗರ ಮುಂತಾದ ಕಡೆಗೆ ಹೋಗುವವರು ದಿನಕ್ಕೆರಡು ಬಾರಿ ಇಲ್ಲಿ ವಾಹನಗಳ ನಡುವೆ ಸಿಕ್ಕಿಕೊಂಡು ನಿಟ್ಟುಸಿರು ಬಿಡುವುದು ವಾಡಿಕೆ. ಆ ನಿಟ್ಟುಸಿರಿನ ನಡುವೆ, ಮೇಖ್ರಿ ಎಂದರೆ ಯಾರು ಎಂದು ಕೇಳುವಷ್ಟು ವ್ಯವಧಾನ ಬಹಳ ಮಂದಿಗೆ ಇರುವುದಿಲ್ಲ. ಇನಾಯತುಲ್ಲಾ ಮೇಖ್ರಿಯವರು ಸ್ವಾತಂತ್ರ್ಯ ಹೋರಾಟಗಾರರು. ಅವರ ಹೆಸರು ಈಗ ಬಸ್ಸಿನ ನಿರ್ವಾಹಕನ ಬಾಯಲ್ಲಿ ಒಂದು ನಿಲ್ದಾಣದ ಹೆಸರಾಗಿ ಉಳಿದಿದೆ. ಹೋರಾಟಗಾರರಿಗೆ ಊರು ಸಲ್ಲಿಸುವ ಗೌರವ ಕೆಲವೊಮ್ಮೆ ಹೀಗೂ ಇರುತ್ತದೆ.

2002ನೆಯ ಇಸವಿಯ ಏಪ್ರಿಲ್ ತಿಂಗಳ ಒಂದು ಸಂಜೆ. ನಾನು ಟಾಗೂರ್ ನಗರದ ನಮ್ಮ ಮನೆಯ ಮಾಳಿಗೆಯ ಮೇಲೆ ಗಾಳಿಗೆಂದು ಕುಳಿತಿದ್ದೆ. ಅರಮನೆ ಮೈದಾನದ ದಿಕ್ಕಿನಿಂದ ಏನೋ ಗುಡುಗಿದಂತೆ ಸದ್ದು ಬರುತ್ತಿತ್ತು. ಮಳೆಯ ಗುಡುಗಲ್ಲ, ತಾಳಕ್ಕೆ ಸರಿಯಾಗಿ ಬೀಳುತ್ತಿದ್ದ ಗುಡುಗು. ಅದರ ಮೇಲೆ ಸಹಸ್ರಾರು ಕಂಠಗಳು ಒಟ್ಟಿಗೆ ಏನನ್ನೋ ಹಾಡುತ್ತಿದ್ದವು. ಮಾತು ತಿಳಿಯಲಿಲ್ಲ, ಆದರೆ ಆ ಸಾಮೂಹಿಕ ಧ್ವನಿಯಲ್ಲಿ ಒಂದು ಬಗೆಯ ಹಟವಿತ್ತು. ಮರುದಿನ ಪಕ್ಕದ ಮನೆಯ ಹುಡುಗನನ್ನು ವಿಚಾರಿಸಿದೆ. ಆತ ಟಿಕೆಟು ಕೊಂಡು ಹೋಗಿ ಕೇಳಿ ಬಂದಿದ್ದ. ಇಂಗ್ಲೆಂಡಿನ ರೋಜರ್ ವಾಟರ್ಸ್ ಎಂಬ ಗಾಯಕ ಬಂದಿದ್ದನೆಂದೂ ಜನ ಸೇರಿ ಹಾಡಿದ್ದು ಶಾಲೆಯ ಮೇಷ್ಟರ ಮೇಲಿನ ಹಾಡೆಂದೂ ನಗುತ್ತಾ ಹೇಳಿದ. ಆ ಹಾಡಿಗಾಗಿ ಒಂದು ದೇಶದ ಮಕ್ಕಳು ಬೀದಿಗಿಳಿದಿದ್ದರೆಂದು, ಒಂದು ಸರ್ಕಾರ ಅದಕ್ಕೆ ನಿಷೇಧ ಹಾಕಿತ್ತೆಂದು ಅವನಿಗೆ ತಿಳಿದಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ತಿಳಿದಿರಲಿಲ್ಲ. ಆಮೇಲೆ ಹುಡುಕಿ ಓದಿ ತಿಳಿದುಕೊಂಡ ಸಂಗತಿಗಳನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ರಾಕ್ ಎಂಬ ಸಂಗೀತವನ್ನು ಕುರಿತು ನಮ್ಮಂಥವರಿಗೆ ಇರುವ ಅಭಿಪ್ರಾಯ ಅಷ್ಟೇನೂ ಒಳ್ಳೆಯದಲ್ಲ. ಕಿವಿಗಡಚಿಕ್ಕುವ ಸದ್ದು, ಕೆದರಿದ ಕೂದಲು, ಹರೆಯದ ಹುಚ್ಚು ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತೇವೆ. ಆ ಮಾತಿನಲ್ಲಿ ಸ್ವಲ್ಪ ಸತ್ಯವೂ ಉಂಟು. ಆದರೆ ಅದರ ವಂಶಾವಳಿಯನ್ನು ನೋಡಿದರೆ ಬೇರೊಂದು ಸಂಗತಿ ಕಾಣುತ್ತದೆ. 1950ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಈ ಸಂಗೀತದ ತಾಯಿಬೇರು ಬ್ಲೂಸ್ ಎಂಬ ಹಾಡುಗಾರಿಕೆ. ಮಿಸಿಸಿಪ್ಪಿ ಸೀಮೆಯ ಹತ್ತಿಯ ಹೊಲಗಳಲ್ಲಿ ದುಡಿದ ಕಪ್ಪು ಜನ, ಗುಲಾಮರಾಗಿದ್ದವರ ಮಕ್ಕಳು ಮೊಮ್ಮಕ್ಕಳು, ತಮ್ಮ ಸಂಕಟವನ್ನು ತಾವೇ ಕೇಳಿಸಿಕೊಳ್ಳಲು ಕಟ್ಟಿಕೊಂಡ ಹಾಡುಗಳು ಅವು. ಆ ಸಂಕಟಕ್ಕೆ ವಿದ್ಯುಚ್ಛಕ್ತಿಯ ಗಿಟಾರು ಸಿಕ್ಕಿತು. ಒಬ್ಬನ ಕೊರಗು ಸಾವಿರ ಜನಕ್ಕೆ ಕೇಳುವಂತಾಯಿತು. 1969ರ ಆಗಸ್ಟಿನಲ್ಲಿ ವುಡ್‌ಸ್ಟಾಕ್ ಎಂಬ ಸಂಗೀತೋತ್ಸವದಲ್ಲಿ ಜಿಮಿ ಹೆಂಡ್ರಿಕ್ಸ್ ಅಮೆರಿಕದ ರಾಷ್ಟ್ರಗೀತೆಯನ್ನೇ ಗಿಟಾರಿನಲ್ಲಿ ನುಡಿಸಿದ. ಬಾಯಿಂದ ಒಂದು ಮಾತನ್ನೂ ಹಾಡಲಿಲ್ಲ. ನಡುನಡುವೆ ತಂತಿಗಳು ಚೀರಿ, ಬಾಂಬು ಬಿದ್ದಂತೆ ಸಿಡಿದವು. ಅದು ವಿಯಟ್ನಾಮ್ ಯುದ್ಧದ ಕಾಲ. ಕೇಳಿದವರಿಗೆ ಬೇರೆ ವ್ಯಾಖ್ಯಾನ ಬೇಕಾಗಲಿಲ್ಲ.

ಆದರೂ ಗಟ್ಟಿ ಸದ್ದು ಮಾಡಿದ್ದೆಲ್ಲ ಬಂಡಾಯವಲ್ಲ. ಸದ್ದು ಬಂಡಾಯವಾಗಬೇಕಾದರೆ ಅದನ್ನು ಕೇಳುವವನ ಬದುಕಿನಲ್ಲಿ ಏನೋ ಪಣಕ್ಕೆ ಬಿದ್ದಿರಬೇಕು. ಇದಕ್ಕೆ ಆ ಶಾಲೆಯ ಹಾಡಿನ ಕಥೆಯೇ ಒಳ್ಳೆಯ ನಿದರ್ಶನ.

ಪಿಂಕ್ ಫ್ಲಾಯ್ಡ್ ಎಂಬ ಆಂಗ್ಲ ತಂಡ 1979ರ ನವೆಂಬರಿನಲ್ಲಿ 'ದಿ ವಾಲ್', ಎಂದರೆ ಗೋಡೆ, ಎಂಬ ಹೆಸರಿನ ಧ್ವನಿಮುದ್ರಿಕೆಯನ್ನು ಹೊರತಂದಿತು. ಅದರ ಬಹುಪಾಲು ರಚನೆ ರೋಜರ್ ವಾಟರ್ಸನದು. ಈತನ ತಂದೆ 1944ರಲ್ಲಿ ಇಟಲಿಯ ಆಂಜಿಯೋ ರಣರಂಗದಲ್ಲಿ ಮಡಿದರು. ಆಗ ಈತ ಹಸುಗೂಸು. ತಂದೆಯಿಲ್ಲದ ಬಾಲ್ಯ, ಕಠೋರ ಶಿಕ್ಷಕರ ಶಾಲೆ, ಇವು ಒಂದೊಂದೂ ಇಟ್ಟಿಗೆಯಾಗಿ ಮನುಷ್ಯನ ಸುತ್ತ ಗೋಡೆ ಕಟ್ಟುತ್ತವೆ ಎಂಬುದು ಆ ಕೃತಿಯ ಕಲ್ಪನೆ. ಶಾಲೆಯನ್ನು ಕುರಿತ ಹಾಡಿಗೆ ಮಕ್ಕಳ ಕಂಠ ಬೇಕಾಯಿತು. ಲಂಡನ್ನಿನ ಇಸ್ಲಿಂಗ್ಟನ್ ಗ್ರೀನ್ ಶಾಲೆಯ 23 ಮಕ್ಕಳು ಬಂದು ಹಾಡಿ ಹೋದರು. ಶಾಲೆಗೆ 1000 ಪೌಂಡು ಸಂದಿತು. ಹಾಡು ಲೋಕವನ್ನೆಲ್ಲ ಸುತ್ತಿ ಹಣದ ಮಳೆ ಸುರಿಸಿದ ಮೇಲೆ, 2004ರಲ್ಲಿ, ಅಷ್ಟರಲ್ಲಿ ದೊಡ್ಡವರಾಗಿದ್ದ ಆ ಮಕ್ಕಳ ಪೈಕಿ ಕೆಲವರು ತಮ್ಮ ಪಾಲಿನ ಗೌರವಧನವನ್ನು ಕೇಳಿದರೆಂಬುದು ಈ ಕಥೆಯ ಒಂದು ಉಪಾಖ್ಯಾನ.

ಮೂಲದಲ್ಲಿ ಇದು ಒಬ್ಬ ಇಂಗ್ಲಿಷ್ ಹುಡುಗನ ಸ್ವಂತ ಅಸಮಾಧಾನ. ಇದರಲ್ಲಿ ರಾಜಕೀಯವೆಂಬುದು ಅಷ್ಟಾಗಿ ಇರಲಿಲ್ಲ. ಆದರೆ 1980ರ ಏಪ್ರಿಲಿನಲ್ಲಿ ದಕ್ಷಿಣ ಆಫ್ರಿಕದ ಕೇಪ್ ಪ್ರಾಂತದಲ್ಲಿ ವಿದ್ಯಾರ್ಥಿಗಳು ಶಾಲೆಗಳನ್ನು ಬಹಿಷ್ಕರಿಸಿದರು. ಅಲ್ಲಿ ವರ್ಣಭೇದವೇ ಕಾನೂನು. ಬಿಳಿಯ ಮಗುವಿನ ಶಿಕ್ಷಣಕ್ಕೆ ಸರ್ಕಾರ ವೆಚ್ಚ ಮಾಡುತ್ತಿದ್ದ ಹಣದ ಒಂದು ಸಣ್ಣ ಪಾಲು ಮಾತ್ರ ಕಪ್ಪು ಮಗುವಿಗೆ ಸಲ್ಲುತ್ತಿತ್ತು. ನಾಲ್ಕು ವರ್ಷ ಹಿಂದೆ, 1976ರ ಜೂನ್ 16ರಂದು, ಆಫ್ರಿಕಾನ್ಸ್ ಭಾಷೆಯಲ್ಲೇ ಪಾಠ ಕಲಿಯಬೇಕೆಂಬ ಕಟ್ಟಳೆಯನ್ನು ಪ್ರತಿಭಟಿಸಿದ ಸೊವೆಟೊದ ಮಕ್ಕಳ ಮೇಲೆ ಪೊಲೀಸರು ಗುಂಡು ಹಾರಿಸಿದ್ದರು. ಇಂಥ ನಾಡಿಗೆ ಆ ಶಾಲೆಯ ಹಾಡು ಬಂದು ಬಿತ್ತು. ಮಕ್ಕಳು ಅದನ್ನು ತಮ್ಮದನ್ನಾಗಿ ಮಾಡಿಕೊಂಡರು. ಲಂಡನ್ನಿನಲ್ಲಿ ಮೇಷ್ಟರ ಬೆತ್ತವನ್ನು ಕುರಿತದ್ದಾಗಿದ್ದ ಮಾತು ಕೇಪ್‌ಟೌನಿನಲ್ಲಿ ಒಂದು ಪ್ರಭುತ್ವದ ಬೆತ್ತವನ್ನು ಕುರಿತ ಮಾತಾಯಿತು. ಒಂದು ಅಕ್ಷರವೂ ಬದಲಾಗಲಿಲ್ಲ, ಅರ್ಥ ಬದಲಾಯಿತು. 1980ರ ಮೇ ತಿಂಗಳಲ್ಲಿ ಸರ್ಕಾರ ಆ ಹಾಡನ್ನು ನಿಷೇಧಿಸಿತು. ನಿಷೇಧದಷ್ಟು ಒಳ್ಳೆಯ ವಿಮರ್ಶೆ ಅದಕ್ಕೆ ಇನ್ನಾವ ಪತ್ರಿಕೆಯಲ್ಲೂ ಬಂದಿರಲಾರದು.

ಹತ್ತು ವರ್ಷದ ಬಳಿಕ, 1990ರ ಜುಲೈ 21ರಂದು, ಬರ್ಲಿನ್ನಿನ ಗೋಡೆ ಉರುಳಿದ್ದ ಬಯಲಿನಲ್ಲಿ ವಾಟರ್ಸ್ ಆ ಕೃತಿಯನ್ನು ಇಡಿಯಾಗಿ ಪ್ರದರ್ಶಿಸಿದ. ಬೇರೆ ಗೋಡೆ, ಬೇರೆ ಅರ್ಥ. ಹನ್ನೆರಡು ವರ್ಷ ಕಳೆದು ಅದೇ ಹಾಡು ಮೇಖ್ರಿ ವೃತ್ತದ ಪಕ್ಕಕ್ಕೂ ಬಂತು. ಇಲ್ಲಿ ಅದಕ್ಕೆ ದೊರೆತ ಅರ್ಥ ಯಾವುದು? ಈ ಪ್ರಶ್ನೆಗೆ ಕೊನೆಯಲ್ಲಿ ಹಿಂದಿರುಗೋಣ.

ಹಾಡಿನಲ್ಲಿ ರಾಜಕೀಯವಿಲ್ಲದಿದ್ದರೂ ಆಳುವವರೇ ಅದಕ್ಕೆ ರಾಜಕೀಯವನ್ನು ತುಂಬುವುದುಂಟು. 1968ರ ಆಗಸ್ಟ್ 21ರಂದು ಸೋವಿಯೆತ್ ಒಕ್ಕೂಟದ ಟ್ಯಾಂಕುಗಳು ಚೆಕೊಸ್ಲೊವಾಕಿಯದ ಪ್ರಾಗ್ ನಗರವನ್ನು ಹೊಕ್ಕವು. ಅದೇ ವರ್ಷ ಅಲ್ಲಿ ಕೆಲವರು ಹುಡುಗರು 'ಪ್ಲಾಸ್ಟಿಕ್ ಪೀಪಲ್ ಆಫ್ ದಿ ಯೂನಿವರ್ಸ್' ಎಂಬ ವಿಚಿತ್ರ ಹೆಸರಿನ ತಂಡವನ್ನು ಕಟ್ಟಿದರು. ಇವರು ಸರ್ಕಾರವನ್ನು ಬೈದವರಲ್ಲ. ತಮಗೆ ತೋಚಿದ ಪದ್ಯಗಳನ್ನು ತಮಗೆ ತೋಚಿದ ಹಾಗೆ ಹಾಡಿಕೊಂಡಿರಲು ಬಯಸಿದವರು. ಅಷ್ಟೇ ಸಾಕಾಯಿತು. 1970ರಲ್ಲಿ ಅವರ ಪರವಾನಗಿ ಹೋಯಿತು. ಆಮೇಲೆ ಹಳ್ಳಿಯ ತೋಟದ ಮನೆಗಳಲ್ಲಿ, ಮದುವೆಯ ನೆಪದಲ್ಲಿ, ಗುಟ್ಟಾಗಿ ನುಡಿಸಿದರು. 1976ರಲ್ಲಿ ಸೆರೆಯಾದರು. ಶಾಂತಿಭಂಗದ ಆಪಾದನೆಯ ಮೇಲೆ ನಾಲ್ವರಿಗೆ 8 ತಿಂಗಳಿಂದ 18 ತಿಂಗಳವರೆಗೆ ಶಿಕ್ಷೆಯಾಯಿತು.

ನ್ಯಾಯಾಲಯದ ಆ ವಿಚಾರಣೆಯನ್ನು ನೋಡಲು ಹೋದವರಲ್ಲಿ ನಾಟಕಕಾರ ವಾಕ್ಲಾವ್ ಹಾವೆಲ್ ಒಬ್ಬರು. ಕೂದಲು ಬಿಟ್ಟ ಈ ಹುಡುಗರಿಗಾಗಿ ಗಂಭೀರ ಲೇಖಕರು, ತತ್ತ್ವಜ್ಞಾನಿಗಳು ಏಕೆ ಮಾತಾಡಬೇಕು ಎಂಬ ಪ್ರಶ್ನೆ ಎದ್ದಿತ್ತು. ಹಾವೆಲ್ಲರಿಗೆ ಕಂಡದ್ದು ಬೇರೆ. ರಾಜಕೀಯವೇ ಬೇಡವೆಂದು ತನ್ನ ಪಾಡಿಗೆ ಹಾಡಿಕೊಂಡಿರುವವನನ್ನು ಸಹ ಬಿಡದ ಪ್ರಭುತ್ವ ನಾಳೆ ಯಾರನ್ನು ತಾನೇ ಬಿಟ್ಟೀತು? 1977ರ ಜನವರಿಯಲ್ಲಿ 'ಚಾರ್ಟರ್ 77' ಎಂಬ ಪ್ರಸಿದ್ಧ ಹಕ್ಕೊತ್ತಾಯದ ಪತ್ರ ಹೊರಬಂತು. ಅದಕ್ಕೆ ಪ್ರೇರಣೆಯಾದ ಘಟನೆಗಳಲ್ಲಿ ಈ ಮೊಕದ್ದಮೆ ಮುಖ್ಯವಾದದ್ದು. ಸಹಿ ಹಾಕಿದವರು ಕೆಲಸ ಕಳೆದುಕೊಂಡರು, ಸೆರೆಮನೆ ಕಂಡರು. 1989ರ ಡಿಸೆಂಬರ್ 29ರಂದು ಹಾವೆಲ್ ಆ ದೇಶದ ಅಧ್ಯಕ್ಷರಾದರು. ಹಾಡು ಸರ್ಕಾರವನ್ನು ಉರುಳಿಸಿತೆಂದು ನಾನು ಹೇಳುತ್ತಿಲ್ಲ. ಹಾಡುಗಳಿಗೆ ಅಂಥ ಶಕ್ತಿಯಿಲ್ಲ. ಹಾಡಿನ ಕಾರಣದಿಂದ ಬೇರೆ ಬೇರೆ ಮೂಲೆಗಳಲ್ಲಿ ಭಯಗೊಂಡು ಕುಳಿತವರು ಒಬ್ಬರನ್ನೊಬ್ಬರು ಗುರುತಿಸಿದರು, ಇಷ್ಟೇ.

ಇನ್ನು ಮೂರನೆಯ ಕಥೆ ಆಫ್ರಿಕದ ಜಿಂಬಾಬ್ವೆಯದು. ಅದು ರೊಡೇಷಿಯ ಎಂಬ ಹೆಸರಿನಲ್ಲಿ ಬಿಳಿಯರ ಆಳ್ವಿಕೆಗೆ ಒಳಪಟ್ಟಿದ್ದ ಕಾಲ. ಥಾಮಸ್ ಮಾಪ್‌ಫುಮೊ ಎಂಬ ಯುವಕ ಮೊದಮೊದಲು ಎಲ್ಲರಂತೆ ಇಂಗ್ಲಿಷ್ ರಾಕ್ ಹಾಡುಗಳನ್ನು ಅನುಕರಿಸಿ ಹಾಡುತ್ತಿದ್ದ. ಕ್ರಮೇಣ ತನ್ನ ಶೋನಾ ಭಾಷೆಗೆ ಹಿಂದಿರುಗಿದ. ಶೋನಾ ಜನರಲ್ಲಿ ಎಂಬಿರಾ ಎಂಬ ವಾದ್ಯವಿದೆ. ಹಲಗೆಯ ಮೇಲೆ ಜೋಡಿಸಿದ ಲೋಹದ ಪಟ್ಟಿಗಳನ್ನು ಹೆಬ್ಬೆರಳಿನಿಂದ ಮೀಟಿ ನುಡಿಸುವ ಈ ವಾದ್ಯದಿಂದ ಅವರು ಪಿತೃಗಳ ಆತ್ಮವನ್ನು ಕರೆಯುತ್ತಾರೆ. ಮಾಪ್‌ಫುಮೊನ ಸಂಗಡಿಗರು ವಿದ್ಯುತ್ ಗಿಟಾರಿನ ತಂತಿಗಳನ್ನು ಅಂಗೈಯಿಂದ ಅದುಮಿ ಹಿಡಿದು ಎಂಬಿರಾದ ನಾದವನ್ನೇ ಅದರಿಂದ ಹೊರಡಿಸಿದರು. ಅಮೆರಿಕದ ಕಾರ್ಖಾನೆಯಲ್ಲಿ ತಯಾರಾದ ವಾದ್ಯ ಆಫ್ರಿಕದ ಪಿತೃಗಳನ್ನು ಕರೆಯಿತು. ಈ ಸಂಗೀತಕ್ಕೆ 'ಚಿಮುರೆಂಗಾ' ಎಂದು ಹೆಸರಾಯಿತು. ಹಾಗೆಂದರೆ ಹೋರಾಟ, 1896-97ರಲ್ಲಿ ಬಿಳಿಯರ ವಿರುದ್ಧ ಎದ್ದ ದಂಗೆಗೂ ಅದೇ ಹೆಸರು.

ಹಾಡುಗಳಲ್ಲಿ ಗೂಢಾರ್ಥ ತುಂಬಿರುತ್ತಿತ್ತು. ಕೇಳಿದವರಿಗೆ ತಿಳಿಯುತ್ತಿತ್ತು, ಪೊಲೀಸರಿಗೆ ಅನುಮಾನ ಮಾತ್ರ ಬರುತ್ತಿತ್ತು. ಅನುಮಾನವೇ ಸಾಕಾಗಿ ಅವನನ್ನು ವಿಚಾರಣೆಯಿಲ್ಲದೆ ಸುಮಾರು ಮೂರು ತಿಂಗಳು ಸೆರೆಯಲ್ಲಿಟ್ಟರು. 1980ರ ಏಪ್ರಿಲ್ 18ರಂದು ದೇಶ ಸ್ವತಂತ್ರವಾಯಿತು. ಆ ರಾತ್ರಿ ರುಫಾರೊ ಕ್ರೀಡಾಂಗಣದಲ್ಲಿ ಹಾಡಲು ಜಮೈಕದಿಂದ ಬಾಬ್ ಮಾರ್ಲಿ ಬಂದಿದ್ದ. ಒಳಗೆ ಗಣ್ಯರು, ಹೊರಗೆ ಸ್ವಾತಂತ್ರ್ಯ ಯಾರಿಗಾಗಿ ಬಂತೋ ಆ ಜನ. ಅವರು ಒಳನುಗ್ಗಲು ಯತ್ನಿಸಿದಾಗ ಪೊಲೀಸರು ಅಶ್ರುವಾಯು ಹಾರಿಸಿದರು. ಹೊಗೆ ವೇದಿಕೆಯವರೆಗೂ ಬಂದು ಹಾಡು ನಿಂತಿತು. ಹೊಸ ರಾಷ್ಟ್ರದ ಮೊದಲ ರಾತ್ರಿಯೇ ಕಣ್ಣೀರು ಬರಿಸಿದ ಈ ಘಟನೆಯನ್ನು ನೆನೆದಾಗ ಮುಂದಿನದೆಲ್ಲ ಅದರಲ್ಲೇ ಅಡಗಿತ್ತೇನೋ ಎನಿಸುತ್ತದೆ. ಒಂಬತ್ತು ವರ್ಷ ಕಳೆಯುವುದರೊಳಗೆ ಮಾಪ್‌ಫುಮೊ ತಾನು ತರಲು ಹಾಡಿದ್ದ ಸರ್ಕಾರದ ಭ್ರಷ್ಟಾಚಾರವನ್ನೇ ಹಾಡಬೇಕಾಯಿತು. ಕೊನೆಗೆ ದೇಶವನ್ನು ಬಿಟ್ಟು ಅಮೆರಿಕಕ್ಕೆ ಹೋಗಿ ನೆಲೆಸಿದ. 2018ರಲ್ಲಿ ಮರಳಿ ಬಂದು ಹರಾರೆಯಲ್ಲಿ ಹಾಡಿದ. ಬಿಡುಗಡೆಯ ಹಾಡಿಗೆ ಬಿಡುಗಡೆಯ ದಿನ ನಿವೃತ್ತಿಯಿಲ್ಲ ಎಂಬುದನ್ನು ಇವನ ಜೀವನ ತೋರಿಸುತ್ತದೆ.

ಇವೆಲ್ಲ ದೂರದ ಕಥೆಗಳಾದವು. ನಮ್ಮ ನೆರೆಯಲ್ಲೇ ನಡೆದದ್ದೊಂದುಂಟು. 1971ರಲ್ಲಿ ಪೂರ್ವ ಬಂಗಾಳ ಬಿಡುಗಡೆಗಾಗಿ ಹೊಡೆದಾಡುತ್ತಿತ್ತು. ಕೋಟಿಯಷ್ಟು ಜನ ನಿರಾಶ್ರಿತರಾಗಿ ಭಾರತಕ್ಕೆ ಬಂದರು. ಪಂಡಿತ ರವಿಶಂಕರರು ಇದನ್ನು ನೋಡಿ ಸಂಕಟಪಟ್ಟು ತಮ್ಮ ಶಿಷ್ಯ ಜಾರ್ಜ್ ಹ್ಯಾರಿಸನ್ನನಿಗೆ ಹೇಳಿಕೊಂಡರು. ಆಗಸ್ಟ್ 1ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಎರಡು ಕಚೇರಿಗಳು ನಡೆದವು, ಒಟ್ಟು 40,000 ಶ್ರೋತೃಗಳು ಸೇರಿದರು. ಮೊದಲಿಗೆ ರವಿಶಂಕರ್, ಅಲಿ ಅಕ್ಬರ್ ಖಾನ್, ಅಲ್ಲಾ ರಖಾ. ಅವರು ಶ್ರುತಿ ಸೇರಿಸಿಕೊಂಡು ಮುಗಿಸಿದೊಡನೆ ಸಭೆ ಚಪ್ಪಾಳೆ ತಟ್ಟಿತು. ಶ್ರುತಿ ಮಾಡಿದ್ದೇ ಇಷ್ಟು ಹಿಡಿಸಿದ ಮೇಲೆ ಸಂಗೀತ ಇನ್ನೂ ಹಿಡಿಸೀತೆಂದು ರವಿಶಂಕರರು ವಿನಯದಿಂದಲೇ ಚುಚ್ಚಿದರು. ಕಚೇರಿಯಿಂದ ಕೂಡಿದ ಸುಮಾರು 2,43,000 ಡಾಲರು ನಿರಾಶ್ರಿತ ಮಕ್ಕಳಿಗೆ ಹೋಯಿತು. ಹಣಕ್ಕಿಂತ ಮಿಗಿಲಾದದ್ದು ಹೆಸರು. ಬಾಂಗ್ಲಾದೇಶ ಎಂಬ ಹೆಸರನ್ನು ಅಮೆರಿಕದ ಸರ್ಕಾರ ಇನ್ನೂ ಒಪ್ಪಿಕೊಳ್ಳುವ ಮೊದಲೇ ಅಮೆರಿಕದ ಹುಡುಗರು ಆ ಹೆಸರನ್ನು ಹಾಡಿನಲ್ಲಿ ಕಲಿತರು.

ಆದರೆ ನನ್ನ ಮನಸ್ಸು ನ್ಯೂಯಾರ್ಕಿಗಿಂತ ಢಾಕಾದ ಕಡೆಗೆ ಹೆಚ್ಚು ವಾಲುತ್ತದೆ. ಆ ಯುದ್ಧದಲ್ಲಿ ಬಂದೂಕು ಹಿಡಿದು ಗೆರಿಲ್ಲಾ ದಳದಲ್ಲಿ ಹೋರಾಡಿದ ಅಜಂ ಖಾನ್ ಎಂಬಾತ, ಯುದ್ಧ ಮುಗಿದ ಮೇಲೆ ಗಿಟಾರುಗಳ ತಂಡವೊಂದನ್ನು ಕಟ್ಟಿ ಬಂಗಾಳಿಯಲ್ಲಿ ಹಾಡತೊಡಗಿದ. ಅವನ ಪ್ರಸಿದ್ಧ ಹಾಡು ವಿಜಯದ ಹಾಡಲ್ಲ. ರೈಲು ಹಳಿಯ ಪಕ್ಕದ ಕೊಳೆಗೇರಿಯೊಂದರ ದುಃಖದ ಹಾಡು. ಸ್ವತಂತ್ರ ದೇಶದ ಹೆಸರು ಹಿಡಿದು ಕೂಗಿ, ಆ ದುಃಖವನ್ನು ಅದಕ್ಕೆ ತೋರಿಸುವ ಹಾಡು. 2011ರಲ್ಲಿ ಆತ ತೀರಿಕೊಂಡ. ಆ ದೇಶದ ರಾಷ್ಟ್ರಗೀತೆಯ ಕಥೆಯೂ ಇಂಥದೇ. 1905ರಲ್ಲಿ ಬಂಗಾಳದ ವಿಭಜನೆಯನ್ನು ವಿರೋಧಿಸಿ ರವೀಂದ್ರರು ಬರೆದ ಗೀತೆ, ಅರುವತ್ತಾರು ವರ್ಷದ ಬಳಿಕ ಕವಿಯು ಊಹಿಸಿಯೂ ಇರದ ಒಂದು ರಾಷ್ಟ್ರದ ಗೀತೆಯಾಯಿತು. ನಮ್ಮ ಬಡಾವಣೆಯ ಹೆಸರಿನ ಹಲಗೆಯಲ್ಲಿ 'ಆರ್.ಟಿ.' ಎಂಬ ಎರಡು ಅಕ್ಷರವಾಗಿ ಕುಗ್ಗಿರುವ ಕವಿ ಇವರೇ.

ಹಾಗಾದರೆ ಕನ್ನಡದಲ್ಲಿ? ಇಲ್ಲಿ ಗಿಟಾರು ಇರಲಿಲ್ಲ, ಹಲಗೆ ಇತ್ತು, ದಪ್ಪು ಇತ್ತು. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಕುಂಪಣಿ ಸರ್ಕಾರದ ಕಾನೂನಿಗೆ ಮುಧೋಳ ಸೀಮೆಯ ಹಲಗಲಿಯ ಬೇಡರು ಮಣಿಯಲಿಲ್ಲ. ಊರಿಗೆ ಬೆಂಕಿ ಬಿತ್ತು. ಆ ಕಥೆ ಲಾವಣಿಯಾಗಿ ಊರೂರು ಅಲೆಯಿತು. ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವರು ಜಾನ್ ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ. ಬೆಂಕಿಯಿಟ್ಟ ಆಡಳಿತದ ಅಧಿಕಾರಿಯೇ ಬೆಂದವರ ಹಾಡನ್ನು ಉಳಿಸಿದ್ದು ಚರಿತ್ರೆಯ ವೈಚಿತ್ರ್ಯ. ನಮ್ಮ ಮೇಖ್ರಿ ವೃತ್ತದಿಂದ ಯಲಹಂಕ, ದೊಡ್ಡಬಳ್ಳಾಪುರಗಳನ್ನು ದಾಟಿ ಉತ್ತರಕ್ಕೆ ಹೋದರೆ ವಿದುರಾಶ್ವತ್ಥ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಅಲ್ಲಿ ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿ ಹಲವರು ಸತ್ತರು. ಧ್ವಜ ಹಿಡಿದು ಬೀದಿಬೀದಿಯಲ್ಲಿ ಹಾಡುತ್ತ ಹೋಗುವ ಪ್ರಭಾತಫೇರಿಗಳ ಕಾಲ ಅದು.

ಸ್ವಾತಂತ್ರ್ಯ ಬಂದ ಮೇಲೆ, ಜಿಂಬಾಬ್ವೆಯಲ್ಲಾದಂತೆ, ಢಾಕಾದಲ್ಲಾದಂತೆ, ಇಲ್ಲಿಯೂ ಹಾಡು ಎರಡನೆಯ ಬಾರಿ ಹುಟ್ಟಿತು. ಅದು ಹುಟ್ಟಿದ್ದು ಯಶವಂತಪುರಕ್ಕೆ ಅಷ್ಟೇನೂ ದೂರವಲ್ಲದ ಶ್ರೀರಾಮಪುರದ ಕೇರಿಯಲ್ಲಿ ಬೆಳೆದ ಹುಡುಗನಿಂದ. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಪ್ರಕಟವಾಯಿತು. ಅವರ ಪದ್ಯಗಳನ್ನು ಕೈಯಲ್ಲಿ ಪುಸ್ತಕ ಹಿಡಿದು ಓದಿದವರಿಗಿಂತ, ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ತಮಟೆಯ ಬಡಿತಕ್ಕೆ ಹಾಡಿ ಕಲಿತವರೇ ಹೆಚ್ಚು. 1947ರ ಸ್ವಾತಂತ್ರ್ಯದ ಲೆಕ್ಕವನ್ನು ಕೇಳಿದ ಅವರ ಹಾಡನ್ನು ಓದು ಬಾರದವರೂ ಬಲ್ಲರು. ತಮಟೆಯೂ ಕಿವಿಗಡಚಿಕ್ಕುವ ವಾದ್ಯವೇ. ಯಾರ ಕೈಗೆ ವೀಣೆ ಸಿಗಲಿಲ್ಲವೋ ಅವರು ಸದ್ದು ಮಾಡಲೇಬೇಕಾಗುತ್ತದೆ. ರಾಕ್ ಸಂಗೀತದ ಮೂಲದಲ್ಲಿರುವ ನ್ಯಾಯವೂ ಇದೇ ಅಲ್ಲವೆ?

ಅದೇ 1975ರಲ್ಲಿ ತುರ್ತು ಪರಿಸ್ಥಿತಿ ಬಂತು. 'ಸಂಸ್ಕಾರ' ಚಿತ್ರದಲ್ಲಿ ಚಂದ್ರಿಯಾಗಿ ನಾವೆಲ್ಲ ಕಂಡಿದ್ದ ಸ್ನೇಹಲತಾ ರೆಡ್ಡಿಯವರನ್ನು 1976ರ ಮೇ ತಿಂಗಳಲ್ಲಿ ಬಂಧಿಸಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿಟ್ಟರು. ಆಕೆಗೆ ಉಬ್ಬಸದ ಕಾಯಿಲೆ. ರಾತ್ರಿಯ ನಿಶ್ಶಬ್ದದಲ್ಲಿ ಆಕೆಯ ಚೀತ್ಕಾರ ತಮಗೆ ಕೇಳುತ್ತಿತ್ತೆಂದು ಅದೇ ಸೆರೆಮನೆಯಲ್ಲಿದ್ದ ಮಧು ದಂಡವತೆಯವರು ಬರೆದಿದ್ದಾರೆ. 1977ರ ಜನವರಿಯಲ್ಲಿ ಬಿಡುಗಡೆಯಾಗಿ ಕೆಲವೇ ದಿನಗಳಲ್ಲಿ ಆಕೆ ತೀರಿಕೊಂಡರು. ಆಕೆಯ ಮಗ ಕೊನಾರಕ್ ರೆಡ್ಡಿ ಗಿಟಾರು ವಾದಕರಾಗಿ ಹೆಸರಾದರು. ಆ ಸೆರೆಮನೆ 2008ರಲ್ಲಿ ಸ್ವಾತಂತ್ರ್ಯ ಉದ್ಯಾನವೆಂಬ ಹೆಸರು ಹೊತ್ತು ತೆರೆದುಕೊಂಡಿತು. ಊರಿನ ಪ್ರತಿಭಟನೆಗಳಿಗೆ ಗೊತ್ತುಮಾಡಿರುವ ಜಾಗವೂ ಇಂದು ಅದೇ.

ಬೆಂಗಳೂರಿನ ರಾಕ್ ಸಂಗೀತ ಈ ಹಾದಿಯಲ್ಲಿ ಬಂದದ್ದಲ್ಲ. ಅದು ದಂಡು ಪ್ರದೇಶದ ಕೂಸು. ಇಂಗ್ಲಿಷ್ ಆಡುವ ಮನೆಗಳು, ಇಗರ್ಜಿಯ ಪಿಯಾನೋ, ಕಾಲೇಜಿನ ಉತ್ಸವ, ಹೋಟೆಲಿನ ಸಂಜೆ ಇವು ಅದನ್ನು ಸಾಕಿದವು. 1970ರ ದಶಕದ 'ಹ್ಯೂಮನ್ ಬಾಂಡೇಜ್' ಆಗಲಿ, 1996ರಲ್ಲಿ ಆರಂಭವಾದ 'ಥರ್ಮಲ್ ಆ್ಯಂಡ್ ಎ ಕ್ವಾರ್ಟರ್' ಆಗಲಿ ಇಂಗ್ಲಿಷಿನಲ್ಲಿ ಹಾಡಿದ ಪ್ರತಿಭಾವಂತ ತಂಡಗಳು. ತಮಟೆಯ ಬೆಂಗಳೂರು, ಗಿಟಾರಿನ ಬೆಂಗಳೂರು ಎಂಬ ಎರಡು ಊರುಗಳು ಒಂದೇ ಊರಿನೊಳಗೆ ಪರಸ್ಪರ ಪರಿಚಯವಿಲ್ಲದೆ ಬಾಳಿದವು. 1990ರ ದಶಕದ ಉತ್ತರಾರ್ಧದಿಂದ ಆಗಸ್ಟ್ 15ರ ಸುಮಾರಿಗೆ 'ಫ್ರೀಡಂ ಜಾಮ್' ಎಂಬ ಹೆಸರಿನಲ್ಲಿ, ಪ್ರವೇಶಶುಲ್ಕವಿಲ್ಲದ ದಿನವಿಡೀ ಕಚೇರಿಯೊಂದನ್ನು ಇಲ್ಲಿನ ಗಾಯಕರು ಏರ್ಪಡಿಸಿಕೊಂಡು ಬಂದರು. ಸ್ವಾತಂತ್ರ್ಯದ ದಿನಕ್ಕೂ ಗಿಟಾರಿಗೂ ಊರಿನಲ್ಲಿ ಬಿದ್ದ ಒಂದು ಗಂಟು ಅದು.

ಎರಡು ಊರುಗಳ ನಡುವಣ ದಾರಿ ತೆರೆದದ್ದು ಭಾಷೆಯಿಂದ. ರಘು ದೀಕ್ಷಿತ್ ಶಿಶುನಾಳ ಷರೀಫರನ್ನು ಗಿಟಾರಿಗೆ ಅಳವಡಿಸಿ 2008ರ ತಮ್ಮ ಧ್ವನಿಮುದ್ರಿಕೆಯಲ್ಲಿ ಹಾಡಿದರು. 'ಸ್ವರಾತ್ಮ' ತಂಡ ಜಾನಪದದ ಲಯವನ್ನು ಹಿಡಿದು, 2012ರ 'ಟೋಪಿವಾಲೆ'ಯಲ್ಲಿ ರಾಜಕಾರಣಿಗಳನ್ನು ಗೇಲಿ ಮಾಡಿತು. ದೆಹಲಿಯ 'ಇಂಡಿಯನ್ ಓಷನ್' ತಂಡದ ರಾಹುಲ್ ರಾಮ್ ನರ್ಮದಾ ಬಚಾವೋ ಆಂದೋಲನದಲ್ಲಿ ತೊಡಗಿದ್ದವರು. ನರ್ಮದೆಯ ಕಣಿವೆಯ ಹಾಡನ್ನು ಗಿಟಾರಿನ ವೇದಿಕೆಗೆ ತಂದರು. 2018ರಲ್ಲಿ ಚೆನ್ನೈಯಲ್ಲಿ ಮೊದಲ ಕಚೇರಿ ನಡೆಸಿದ 'ದಿ ಕ್ಯಾಸ್ಟ್‌ಲೆಸ್ ಕಲೆಕ್ಟಿವ್' ಎಂಬ ತಂಡ ಪರೈ ವಾದ್ಯವನ್ನೂ ವಿದ್ಯುತ್ ಗಿಟಾರನ್ನೂ ಒಂದೇ ವೇದಿಕೆಯ ಮೇಲೆ ಸರಿಸಮವಾಗಿ ನಿಲ್ಲಿಸಿ ಜಾತಿಯ ವಿರುದ್ಧ ಹಾಡಿತು. ಮಾಪ್‌ಫುಮೊ ಎಂಬಿರಾವನ್ನು ಗಿಟಾರಿಗೆ ಕಲಿಸಿದ್ದು ನೆನಪಾಗುತ್ತದೆ. ನಮ್ಮ ತಮಟೆಗೂ ಅಂಥ ಗೆಳೆತನ ಇನ್ನಷ್ಟು ಗಾಢವಾಗಿ ದೊರೆಯಬೇಕಾಗಿದೆ.

ಈಗ ಮೇಖ್ರಿ ವೃತ್ತಕ್ಕೆ ಹಿಂದಿರುಗುವೆ. 2003ರ ಏಪ್ರಿಲಿನಲ್ಲಿ ರೋಲಿಂಗ್ ಸ್ಟೋನ್ಸ್, 2007ರ ಮಾರ್ಚಿನಲ್ಲಿ ಐರನ್ ಮೇಡನ್, 2011ರ ಅಕ್ಟೋಬರಿನಲ್ಲಿ ಮೆಟಾಲಿಕಾ, ಹೀಗೆ ಲೋಕಪ್ರಸಿದ್ಧ ತಂಡಗಳು ಅರಮನೆ ಮೈದಾನಕ್ಕೆ ಬಂದು ಹೋದವು. ಪಕ್ಕದ ಮನೆಯ ಹುಡುಗ ಬಹುಶಃ ಎಲ್ಲಕ್ಕೂ ಹೋಗಿರಬೇಕು. ಅವನ ಸಂತೋಷವನ್ನು ನಾನು ಹಳಿಯಲಾರೆ. ಶಾಲೆಯ ಅಂಕ, ಪ್ರವೇಶ ಪರೀಕ್ಷೆ, ಅಪ್ಪನ ಆಸೆ ಇವುಗಳ ನಡುವೆ ನಲುಗಿದ ಹುಡುಗ, ಸಾವಿರ ಜನರೊಡನೆ ಮೇಷ್ಟರ ವಿರುದ್ಧ ಒಮ್ಮೆ ಗಟ್ಟಿಯಾಗಿ ಹಾಡಿದರೆ ಅದೂ ಒಂದು ಸಣ್ಣ ಬಿಡುಗಡೆಯೇ. ಆ ಹಾಡನ್ನು ಬರೆದವನೂ ಅಷ್ಟನ್ನೇ ಉದ್ದೇಶಿಸಿದ್ದ. ಕೇಪ್‌ಟೌನಿನ ಮಕ್ಕಳಿಗೆ ಟಿಕೆಟು ಇರಲಿಲ್ಲ, ಲಾಠಿ ಇತ್ತು. ಆದ್ದರಿಂದ ಅವರ ಬಾಯಲ್ಲಿ ಅದು ದೊಡ್ಡದಾಯಿತು.

ಅದೇ ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳ, ಯಲಹಂಕಗಳನ್ನು ದಾಟಿ ಮುಂದೆ ಹೋದರೆ ದೇವನಹಳ್ಳಿ. ಆ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಗ್ರಾಮಗಳ ರೈತರು ತಮ್ಮ 1,777 ಎಕರೆ ಭೂಮಿಯನ್ನು ಕೈಗಾರಿಕೆಗೆ ಸ್ವಾಧೀನಪಡಿಸಿಕೊಳ್ಳುವುದನ್ನು ವಿರೋಧಿಸಿ 2022ರ ಏಪ್ರಿಲಿನಿಂದ ಧರಣಿ ಕುಳಿತರು. ಮೂರು ವರ್ಷಕ್ಕೂ ಮಿಕ್ಕಿ ಕುಳಿತರು. 2025ರ ಜುಲೈ 15ರಂದು ಸರ್ಕಾರ ಆ ಸ್ವಾಧೀನವನ್ನು ಕೈಬಿಟ್ಟಿರುವುದಾಗಿ ಪ್ರಕಟಿಸಿತು. ಇಂಥ ಧರಣಿಗಳಲ್ಲಿ ಕುಳಿತವರಿಗೆ ಹಾಡು ಅಲಂಕಾರವಲ್ಲ. ನೂರನೆಯ ದಿನ, ಐನೂರನೆಯ ದಿನ, ಏನೂ ಘಟಿಸದ ಮಧ್ಯಾಹ್ನ, ಎದ್ದು ಮನೆಗೆ ಹೋಗದೆ ಕುಳಿತಿರಲು ಬೇಕಾದ ಬಲ ಅದು.

ಒಂದೇ ರಸ್ತೆಯ ಈ ತುದಿಯಲ್ಲಿ ಜಗತ್ತಿನ ಬಿಡುಗಡೆಯ ಹಾಡುಗಳು ಬಂದಿಳಿದವು. ಆ ತುದಿಯಲ್ಲಿ ನಮ್ಮವರೇ ತಮ್ಮ ನೆಲಕ್ಕಾಗಿ ಕುಳಿತಿದ್ದರು. ನಡುವಣ ದೂರ ಒಂದು ತಾಸಿನ ಪ್ರಯಾಣ. ಈ ದೂರವನ್ನು ಕ್ರಮಿಸುವ ಹಾಡು ಬೆಂಗಳೂರಿನಲ್ಲಿ ಯಾವಾಗ ಹುಟ್ಟೀತೆಂದು ಹೇಳುವುದು ಚರಿತ್ರಕಾರನ ಕೆಲಸವಲ್ಲ. ಆದರೆ ಪಕ್ಕದ ಮನೆಯ ಹುಡುಗ ಈಗ ದೊಡ್ಡವನಾಗಿದ್ದಾನೆ. ಗಿಟಾರು ಅವನ ಕೈ ಬಿಟ್ಟಿಲ್ಲ. ಮೊನ್ನೆ ದಾರಿಯಲ್ಲಿ ಸಿಕ್ಕಾಗ ಕೇಪ್‌ಟೌನಿನ ಮಕ್ಕಳ ಕಥೆಯನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾವು ಆ ಹಾಡನ್ನು ಬರೀ ಜೋರಾಗಿ ಹಾಡಿದೆವು, ಅಲ್ಲವೆ ಸಾರ್" ಎಂದ. ನಾನು ಉತ್ತರ ಕೊಡಲಿಲ್ಲ. ಬಸ್ಸು ಬಂತು. ನಿರ್ವಾಹಕ "ಮೇಖ್ರಿ, ಮೇಖ್ರಿ" ಎಂದು ಕೂಗುತ್ತಿದ್ದ.